ದೀಪಕ್ಕೆ ಬರುವ ಹಳದಿ ಹುಳ



ಹೊಸಬಾಳೆಯಲ್ಲಿ ನಾವು ಸಂಜೆ ಓದಲು ಕೂರುತ್ತೇವೆ. ಮಳೆಗಾಲದಲ್ಲಿ ದೀಪ ಹಾಕಿದರೆ ಸಾಕು, ಹುಳಗಳು ಮುತ್ತುತ್ತವೆ. ಅದರಲ್ಲಿ ಹಳದಿ ಬಣ್ಣದ್ದೊಂದು ಇರುತ್ತದೆ. ಪುಸ್ತಕದ ಮೇಲೆ ಕೂತರೆ ಕೈಯಿಂದ ಕೊಡವಿ ಬಿಡುತ್ತೇವೆ. ಅದು ಯಾರು ಗೊತ್ತೇ? ನಮ್ಮ ಭತ್ತ ಹಾಳುಮಾಡುವ ಹುಳುವಿನ ತಾಯಿ!

ಇದೊಂದು ಪತಂಗ. ಹೆಸರು ಹಳದಿ ಕಾಂಡ ಕೊರಕ. ಕಾಂಡ ಅಂದರೆ ದಂಟು. ಎರಡು ಭತ್ತದ ಕಾಳನ್ನು ಉದ್ದಕ್ಕೆ ಇಟ್ಟರೆ ಎಷ್ಟಾಗುತ್ತದೋ ಅಷ್ಟು ಉದ್ದ. ರೆಕ್ಕೆಯನ್ನು ಮನೆಯ ಮಾಡಿನ ಹಾಗೆ ಇಳಿಸಿ ಕೂರುತ್ತದೆ. ಹೆಣ್ಣಿನ ಮುಂದಿನ ರೆಕ್ಕೆ ಹಳದಿ. ಒಂದೊಂದು ರೆಕ್ಕೆಯ ಮೇಲೂ ಒಂದೊಂದು ಕಪ್ಪು ಚುಕ್ಕೆ. ಬೊಟ್ಟು ಇಟ್ಟ ಹಾಗೆ ಕಾಣುತ್ತದೆ. ಗಂಡು ಚಿಕ್ಕದು, ಕಂದು ಬಣ್ಣ. ಅದರ ಚುಕ್ಕೆ ಸರಿಯಾಗಿ ಕಾಣುವುದೇ ಇಲ್ಲ.

ಇದು ನಮ್ಮೂರಿನ ಹುಳ ಮಾತ್ರ ಅಲ್ಲ. ಸೊರಬದ ಗದ್ದೆಯಲ್ಲಿ ಇರುವ ಪತಂಗವೇ ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಇಂಡೋನೇಷ್ಯಾ, ಚೀನಾ, ಜಪಾನ್‌ಗಳಲ್ಲೂ ಇದೆ. ಇದರ ಮರಿಗೆ ಭತ್ತವೇ ಊಟ. ಹಾಗಾಗಿ ಏಷ್ಯಾದಲ್ಲಿ ಭತ್ತ ಬೆಳೆಯುವ ಹಲವು ಕಡೆ ಇದೂ ಇದೆ. ಮೆಕ್ಕೆಜೋಳದ ಸೈನಿಕ ಹುಳು ಹಾಗಲ್ಲ. ಅದು ಅಮೆರಿಕದ್ದು. ನಮ್ಮ ದೇಶದಲ್ಲಿ 2018ರಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲೇ. ಅದು ಹೊಸ ನೆಂಟ, ಇದು ಹಳೇ ನೆಂಟ.

ಪತಂಗ ಭತ್ತ ತಿನ್ನುವುದಿಲ್ಲ. ಎಲೆಯ ತುದಿಯ ಹತ್ತಿರ ಮೊಟ್ಟೆ ಇಡುತ್ತದೆ. ಒಂದೇ ಕಡೆ ಐವತ್ತಕ್ಕೂ ಹೆಚ್ಚು ಇರಬಹುದು. ತನ್ನ ಮೈಯ ಕೂದಲನ್ನೇ ಅದರ ಮೇಲೆ ಹೊದಿಸುತ್ತದೆ. ನೋಡಿದರೆ ಮಾಸಿದ ಹತ್ತಿ ಅಂಟಿದಂತೆ ಇರುತ್ತದೆ. ವಾರದ ಸುಮಾರಿಗೆ ಮರಿ ಹೊರಬರುತ್ತದೆ. ನೂಲಿನಲ್ಲಿ ಜೋತಾಡಿ, ಗಾಳಿಗೆ ತೇಲಿ ಪಕ್ಕದ ಗಿಡಕ್ಕೂ ಹೋಗುತ್ತದೆ. ಆಮೇಲೆ ದಂಟು ಕೊರೆದು ಒಳಗೆ ಸೇರುತ್ತದೆ.

ಎಳೆ ಗಿಡವಾದರೆ ನಡುವಿನ ಸುಳಿ ಒಣಗುತ್ತದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ತೆನೆ ಬಿಡುವಾಗ ಹುಳು ಬಿದ್ದರೆ ತೆನೆ ಬೆಳ್ಳಗೆ ನೆಟ್ಟಗೆ ನಿಲ್ಲುತ್ತದೆ. ಕಾಳು ತುಂಬಿದ ತೆನೆ ಬಾಗುತ್ತದೆ, ಇದು ಬಾಗುವುದಿಲ್ಲ. ಮುಟ್ಟಿ ನೋಡಿ, ಎಲ್ಲಾ ಜೊಳ್ಳು. ಗದ್ದೆಗೆ ದೃಷ್ಟಿ ಆಯ್ತು ಅನ್ನುವವರೂ ಇದ್ದಾರೆ. ದಂಟು ಸೀಳಿ ನೋಡಿದರೆ ಹುಳುವೋ, ಅದು ಕೊರೆದ ದಾರಿಯೋ ಸಿಕ್ಕೀತು. ಆದರೆ ಬಿಳಿ ತೆನೆ ಬಂದ ಮೇಲೆ ಔಷಧಿ ಹೊಡೆದರೆ ದುಡ್ಡು ದಂಡ. ಆ ತೆನೆಗೆ ಕಾಳು ಬರುವುದಿಲ್ಲ.

ಮೊದಲೇ ಹಿಡಿಯಬೇಕು. ಸಸಿ ಕೀಳುವವರು, ನಾಟಿ ಮಾಡುವವರು ನಾವೇ ತಾನೇ? ನಾಟಿಗೆ ಮೊದಲು ಸಸಿಯ ಕಟ್ಟು ಹಿಡಿದು ಎಲೆಯ ತುದಿಯನ್ನು ಸ್ವಲ್ಪ ಕತ್ತರಿಸಿ. ಮೊಟ್ಟೆ ತುದಿಯ ಜೊತೆಗೇ ಹೋಗುತ್ತದೆ. ಕತ್ತರಿಸಿದ್ದನ್ನು ಗದ್ದೆಯಲ್ಲೇ ಬಿಡಬೇಡಿ. ಬುಟ್ಟಿಗೆ ತುಂಬಿ, ದೂರ ಒಯ್ದು ಮಣ್ಣಲ್ಲಿ ಹೂಳಿ. ಕೊಯ್ಲಾದ ಮೇಲೆ ಕೂಳೆಯಲ್ಲೂ ಹುಳು ಉಳಿದಿರುತ್ತದೆ. ಅದಕ್ಕೇ ಬುಡದ ಹತ್ತಿರ ಕೊಯ್ದು, ಗದ್ದೆ ಉತ್ತುಬಿಡಬೇಕು.

ಒಂದು ಮಾತು ಮರೆಯಬೇಡಿ. ಸಸಿಯ ಎಲೆ ತುದಿಯಿಂದ ಒಣಗುತ್ತಾ ಬರುವ ರೋಗ ಇದ್ದರೆ ತುದಿ ಕತ್ತರಿಸಬಾರದು. ಕತ್ತಿಯಿಂದ ರೋಗ ಉಳಿದ ಸಸಿಗೂ ಹತ್ತುತ್ತದೆ. ಆಗ ಮೊಟ್ಟೆ ಕಂಡ ಎಲೆಯನ್ನಷ್ಟೇ ಕೈಯಲ್ಲಿ ಚಿವುಟಿ ತೆಗೆಯಿರಿ. ಅನುಮಾನ ಬಂದರೆ ನಾಲ್ಕು ಎಲೆ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ.