ಗಾಣ ಎಳೆದವರ ಜೈಲು: ಬಾಗಿಲಾದರೂ ಉಳೀಬೇಕಲ್ಲ?

ತೊಂಡಾಮುತ್ತೂರು: ಇಲ್ಲಿಂದ ಕೊಯಮತ್ತೂರಿನ ಗಾಂಧಿಪುರಕ್ಕೆ ಹೋಗುವವರಿಗೆ ಅಲ್ಲಿನ ಸೆಂಟ್ರಲ್ ಜೈಲಿನ ಉದ್ದನೆಯ ಗೋಡೆ ಹೊಸದೇನಲ್ಲ. ಬಸ್ಸಿನ ಗಡಿಬಿಡಿಯಲ್ಲಿ ಅದರ ಕಡೆ ತಿರುಗಿ ನೋಡುವವರೇ ಕಡಿಮೆ. ಆದರೆ 1872ರ ಈ ಜೈಲಿಗೂ ಈಗ ವರ್ಗಾವಣೆ ಕಾಲ ಬಂದಿದೆ. ಕಾರಮಡೈ ಹತ್ತಿರದ ಬಿಳಿಚಿಗೆ ಜೈಲನ್ನು ಸ್ಥಳಾಂತರಿಸುವುದು ತಮಿಳುನಾಡು ಸರ್ಕಾರದ ಯೋಜನೆ. ಸುಮಾರು 165 ಎಕರೆ ಜೈಲು ಜಾಗದ 45 ಎಕರೆಯಲ್ಲಿ ‘ಸೆಮ್ಮೊಳಿ ಪೂಂಗಾ’ ಉದ್ಯಾನ 2025ರ ನವೆಂಬರ್‌ನಲ್ಲಿ ಉದ್ಘಾಟನೆಯೂ ಆಯಿತು. ಹಾಗಾದರೆ ಹಳೇ ಬಾಗಿಲು, ಹಳೇ ಗೋಡೆಗಳ ಗತಿಯೇನು?

ಎತ್ತಿನ ಜಾಗದಲ್ಲಿ ವಕೀಲ

ಈ ಪ್ರಶ್ನೆಗೆ ಕಾರಣ ವ.ಉ. ಚಿದಂಬರಂ ಪಿಳ್ಳೈ. ವೃತ್ತಿಯಲ್ಲಿ ವಕೀಲರು. ಬ್ರಿಟಿಷ್ ಹಡಗು ಕಂಪನಿಗೆ ಸಡ್ಡು ಹೊಡೆದು 1906ರಲ್ಲಿ ತೂತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದವರು. 1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ಜೀವಾವಧಿ ಶಿಕ್ಷೆಯಾಯಿತು. ಅದೇ ಜುಲೈನಲ್ಲಿ ಅವರನ್ನು ಈ ಜೈಲಿಗೆ ತಂದರು. 1910ರ ಡಿಸೆಂಬರ್‌ವರೆಗೆ ಇಲ್ಲೇ ಇಟ್ಟು, ಆಮೇಲೆ ಕಣ್ಣೂರಿಗೆ ಸಾಗಿಸಿದರು. ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿ, 1912ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು.

ಕೊಯಮತ್ತೂರು ಜೈಲಿನಲ್ಲಿ ಎತ್ತು ಎಳೆಯಬೇಕಾದ ಎಣ್ಣೆ ಗಾಣಕ್ಕೆ ಅವರನ್ನು ಕಟ್ಟಿದರು. ಅದಕ್ಕೇ ತಮಿಳರು ಅವರನ್ನು ‘ಚೆಕ್ಕಿಳುತ್ತ ಚೆಮ್ಮಲ್’ ಅಂತಾರೆ. ತಮಿಳಿನ ಚೆಕ್ಕು ಅಂದರೆ ನಮ್ಮ ಗಾಣವೇ. ಅವರು ಎಳೆದ ಕಲ್ಲಿನ ಗಾಣವನ್ನು ಜೈಲಿನಲ್ಲಿ ಸ್ಮಾರಕವಾಗಿ ಇಡಲಾಗಿದೆ.

ಈ ಕತೆಯನ್ನು ‘ಕಪ್ಪಲೋಟ್ಟಿಯ ತಮಿಳನ್’ ಎಂಬ ಸಿನಿಮಾ ಮಾಡಿ ಮನೆಮನೆಗೆ ಮುಟ್ಟಿಸಿದವರು ಬಿ.ಆರ್. ಪಂತುಲು. ಕನ್ನಡಿಗರಿಗೆ ‘ಕಿತ್ತೂರು ಚೆನ್ನಮ್ಮ’ ಕೊಟ್ಟವರೂ ಅವರೇ. ಎರಡೂ 1961ರ ಚಿತ್ರಗಳು. ಈ ಭಾಗದಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಒಕ್ಕಲಿಗ, ದೇವಾಂಗ ಕುಟುಂಬಗಳಿಗೆ ಇಬ್ಬರೂ ನಮ್ಮವರೇ.

ಚಿತ್ರವೇ ಗತಿಯಾದಾಗ

ಕಟ್ಟಡ ಹೋದ ಮೇಲೆ ಚಿತ್ರವೇ ಗತಿ ಎಂಬುದಕ್ಕೆ ಬೆಂಗಳೂರು ಕೋಟೆ ಸಾಕ್ಷಿ. ಕ್ಯಾಮೆರಾ ಇಲ್ಲದ ಆ ಕಾಲದಲ್ಲಿ, ಟಿಪ್ಪು ವಿರುದ್ಧದ ಯುದ್ಧಕ್ಕೆ ಬಂದಿದ್ದ ಜೇಮ್ಸ್ ಹಂಟರ್ ಎಂಬ ಸೇನಾಧಿಕಾರಿ ಕೋಟೆಯ ಬಾಗಿಲುಗಳನ್ನು ಜಲವರ್ಣದಲ್ಲಿ ಬರೆದಿಟ್ಟ. 1792ರಲ್ಲಿ ಆತ ತೀರಿಕೊಂಡ. ಚಿತ್ರಗಳು ಅಚ್ಚಾಗಿದ್ದು 1804–05ರಲ್ಲಿ. ಇವತ್ತು ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲಿನ ಸ್ವಲ್ಪ ಭಾಗ ಮಾತ್ರ. ಮಿಕ್ಕಿದ್ದನ್ನು ಇಂಥ ಚಿತ್ರಗಳಲ್ಲೇ ಹುಡುಕಬೇಕು.

ಅದೇ ಬೆಂಗಳೂರು ಇನ್ನೊಂದು ದಾರಿಯನ್ನೂ ತೋರಿಸಿದೆ. ಅಲ್ಲಿನ ಹಳೇ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಆ ಜಾಗ ಫ್ರೀಡಂ ಪಾರ್ಕ್ ಆಯಿತು. ಎಲ್ಲವನ್ನೂ ಕೆಡವಲಿಲ್ಲ. ಕಾವಲು ಗೋಪುರ, ಕೆಲವು ಸೆಲ್ಲುಗಳು ಉಳಿದವು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜೈಲನ್ನು ಈಗ ಶಾಲೆ ಮಕ್ಕಳೂ ಒಳಹೊಕ್ಕು ನೋಡಬಹುದು.

ಕೊಯಮತ್ತೂರಿನಲ್ಲೂ ಹೀಗೇ ಆದರೆ ಚೆನ್ನ. ಗಾಣವನ್ನು ಎತ್ತಿ ಬೇರೆ ಕಡೆ ಇಡುವುದು ಕಷ್ಟವೇನಲ್ಲ. ಆದರೆ ಜೈಲಿನ ಗೋಡೆಯಿಲ್ಲದ ಗಾಣ ಬರೀ ಕಲ್ಲು. ಬಾಗಿಲು ದಾಟಿ ಒಳಗೆ ಹೋಗಿ ಆ ಗಾಣ ನೋಡಿದರೇನೇ, ಒಬ್ಬ ವಕೀಲ ಎತ್ತಿನ ಜಾಗದಲ್ಲಿ ನಿಂತದ್ದು ಮಕ್ಕಳಿಗೆ ತಿಳಿಯೋದು. ಉದ್ಯಾನ ಬಂತು, ಸಂತೋಷ. ಅದರ ಪಕ್ಕದಲ್ಲೇ ಹಳೇ ಬಾಗಿಲೂ ಇರಲಿ.