ಸಕ್ಕರೆಯ ಸಿರಿ: ಶಿಮ್ಮೆಲ್‌ಮನ್ ಮನೆತನದ ಕಥೆ

ಜರ್ಮನಿಯ ಹ್ಯಾಂಬರ್ಗ್ ಮಹಾನಗರದಿಂದ ಈಶಾನ್ಯಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಪ್ರಯಾಣ ಮಾಡಿದರೆ ಆರೆನ್ಸ್‌ಬುರ್ಗ್ ಎಂಬ ಪಟ್ಟಣವು ಸಿಕ್ಕುವುದು. ಅಲ್ಲಿ ನೀರು ತುಂಬಿದ ಕಂದಕದ ನಡುವೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರಗಳನ್ನು ಹೊತ್ತು, ಹಾಲಿನಂತೆ ಬೆಳ್ಳಗಿರುವ ಒಂದು ಅರಮನೆಯು ನಿಂತಿದೆ. ಅದನ್ನು 1585ರ ಸುಮಾರಿಗೆ ಕಟ್ಟಿಸಿದವನು ಪೀಟರ್ ರಾಂಟ್ಸಾವ್ ಎಂಬ ಸರದಾರನು. ಹತ್ತಿರದಲ್ಲಿಯೇ ಒಂದು ಇಗರ್ಜಿಯನ್ನೂ, ಅದರ ಎರಡು ಬದಿಗಳಲ್ಲಿ ಬಡಬಗ್ಗರ ವಾಸಕ್ಕಾಗಿ ಸಾಲುಮನೆಗಳನ್ನೂ ಅವನು ಕಟ್ಟಿಸಿದನು. ಆದರೆ ಅರಮನೆಯ ಒಳಗಿನ ಅಲಂಕಾರವಾಗಲಿ, ಅದರ ಕಡೆಗೆ ಕಣ್ಣು ಹರಿಯುವಂತೆ ಊರಿನಲ್ಲಿ ನೇರವಾಗಿ ಹಾಯ್ದಿರುವ ಸಾಲುಮರದ ಬೀದಿಗಳಾಗಲಿ ರಾಂಟ್ಸಾವನ ಕೆಲಸವಲ್ಲ. ಅವನ ವಂಶದವರು ಸಾಲದಲ್ಲಿ ಮುಳುಗಿ 1759ರಲ್ಲಿ ಆ ಜಹಗೀರನ್ನು ಮಾರಿಬಿಟ್ಟರು. ಕೊಂಡವನು ಹೈನ್ರಿಖ್ ಕಾರ್ಲ್ ಶಿಮ್ಮೆಲ್‌ಮನ್. ಅವನು ರಾಜವಂಶದವನಲ್ಲ, ಸರದಾರನೂ ಅಲ್ಲ, ವರ್ತಕನ ಮಗನು. ಇಪ್ಪತ್ತು ವರ್ಷಗಳು ತುಂಬುವುದರೊಳಗೆ ಅವನು ಡೆನ್ಮಾರ್ಕಿನ ಕೌಂಟ್ ಪದವಿಯನ್ನು ಪಡೆದಿದ್ದನು.

ಈ ಮನೆತನವನ್ನು ಜರ್ಮನರದೆನ್ನಬೇಕೋ ಡೇನರದೆನ್ನಬೇಕೋ ಎಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಈ ಪ್ರಶ್ನೆಗೆ ಅಷ್ಟಾಗಿ ಅರ್ಥವಿರಲಿಲ್ಲ. ಡೆನ್ಮಾರ್ಕಿನ ದೊರೆಯೇ ನಾರ್ವೆ ದೇಶಕ್ಕೂ ದೊರೆ. ಹ್ಯಾಂಬರ್ಗಿನ ಬಾಗಿಲವರೆಗೂ ಹಬ್ಬಿದ್ದ ಹೋಲ್‌ಸ್ಟೈನ್ ಎಂಬ ಜರ್ಮನ್ ಸೀಮೆಗೆ ಅವನೇ ಡ್ಯೂಕ್. ಕೋಪನ್‌ಹೇಗನ್ನಿನ ಆಸ್ಥಾನದಲ್ಲಿ ಜರ್ಮನ್ ಮಾತೂ ಡೇನಿಷ್ ಮಾತೂ ಜೊತೆಜೊತೆಯಾಗಿ ನಡೆಯುತ್ತಿದ್ದವು. ಜರ್ಮನ್ ಸರದಾರರು ಅಲ್ಲಿ ಮಂತ್ರಿಗಳಾಗುವುದು ವಾಡಿಕೆಯೇ ಆಗಿದ್ದಿತು.

ಹೈನ್ರಿಖ್ ಕಾರ್ಲನು ಹುಟ್ಟಿದುದು 1724ರಲ್ಲಿ, ಪೊಮೆರೇನಿಯದ ಡೆಮ್ಮಿನ್ ಎಂಬ ಸಣ್ಣ ಊರಿನಲ್ಲಿ. ಯೌವನದಲ್ಲಿ ಡ್ರೆಸ್ಡೆನ್ನಿಗೆ ಹೋಗಿ ವ್ಯಾಪಾರ ಮಾಡಿದನು. ಸ್ಯಾಕ್ಸನಿ ರಾಜ್ಯದ ಸುಂಕದ ವಸೂಲಿಯನ್ನು ಇಜಾರೆ ಹಿಡಿದು ಕೈಯಲ್ಲಿ ಕಾಸು ಕೂಡಿಸಿಕೊಂಡನು. 1756ರಲ್ಲಿ ಏಳು ವರ್ಷಗಳ ಯುದ್ಧವು ಹೊತ್ತಿಕೊಂಡು, ಪ್ರಷ್ಯದ ಫ್ರೆಡರಿಕ್ ದೊರೆಯು ಸ್ಯಾಕ್ಸನಿಯ ಮೇಲೆ ದಂಡೆತ್ತಿ ಬಂದನು. ಊರಿಗೆ ಬಂದ ಕೇಡು ಕೆಲವರಿಗೆ ಸುಗ್ಗಿಯಾಗುವುದುಂಟಷ್ಟೆ. ಶಿಮ್ಮೆಲ್‌ಮನ್ನನು ಶತ್ರುಸೈನ್ಯಕ್ಕೆ ಧಾನ್ಯವನ್ನು ಒದಗಿಸುವ ಗುತ್ತಿಗೆ ಹಿಡಿದನು. ಯೂರೋಪಿಗೆಲ್ಲ ಹೆಸರಾಗಿದ್ದ ಮೈಸನ್ ಪಿಂಗಾಣಿಯ ದಾಸ್ತಾನನ್ನು ಫ್ರೆಡರಿಕನು ವಶಪಡಿಸಿಕೊಂಡಾಗ, ಅದನ್ನು ಒಟ್ಟಾಗಿ ಕೊಂಡು ಹ್ಯಾಂಬರ್ಗಿಗೆ ಸಾಗಿಸಿ ಹರಾಜಿನಲ್ಲಿ ಮಾರಿ ದೊಡ್ಡ ಲಾಭ ಮಾಡಿದನು. ಯುದ್ಧಕಾಲದಲ್ಲಿ ಬೆಳ್ಳಿ ಕಡಮೆಮಾಡಿ ಹೊಡೆದ ಕಳಪೆ ನಾಣ್ಯಗಳ ವ್ಯವಹಾರದಲ್ಲಿಯೂ ಅವನ ಕೈಯಿದ್ದಿತು. ಹ್ಯಾಂಬರ್ಗಿನ ಹಳೆಯ ಸಾಹುಕಾರರಿಗೆ ಈ ಹೊಸ ಶ್ರೀಮಂತನನ್ನು ಕಂಡರೆ ಆಗಲಿಲ್ಲ. ಡೆನ್ಮಾರ್ಕಿನ ದೊರೆಗಾದರೋ ಬರಿದಾದ ಬೊಕ್ಕಸವನ್ನು ತುಂಬಬಲ್ಲವರು ಬೇಕಾಗಿದ್ದರು. 1761ರಲ್ಲಿ ಅವನು ಡೇನರ ಸೇವೆಗೆ ಸೇರಿದನು. 1762ರಲ್ಲಿ ಬ್ಯಾರನ್, 1779ರಲ್ಲಿ ಕೌಂಟ್. ಕೊನೆಗೆ ರಾಜ್ಯದ ಖಜಾನೆಯ ಬೀಗದ ಕೈಯೇ ಅವನ ಸೊಂಟಕ್ಕೆ ಬಂದಿತು.

ಪದವಿಗೆ ತಕ್ಕ ಭೂಮಿಯೂ ಬೇಕಷ್ಟೆ? ಆರೆನ್ಸ್‌ಬುರ್ಗಿನ ತರುವಾಯ ಹ್ಯಾಂಬರ್ಗಿನ ಮಗ್ಗುಲಲ್ಲಿದ್ದ ವಾಂಡ್ಸ್‌ಬೆಕ್ಕನ್ನೂ, ಡೆನ್ಮಾರ್ಕಿನ ಯುಟ್‌ಲಂಡಿನಲ್ಲಿ ಲಿಂಡೆನ್‌ಬೋರ್ಗ್ ಎಂಬ ಜಹಗೀರನ್ನೂ, ಕೋಪನ್‌ಹೇಗನ್ನಿನ ಬ್ರೇಡ್ ಬೀದಿಯಲ್ಲಿ ಒಂದು ಭವ್ಯ ಮಂದಿರವನ್ನೂ ಅವನು ಕೊಂಡನು. ಆರೆನ್ಸ್‌ಬುರ್ಗಿನ ಹಳ್ಳಿಯನ್ನು ತನ್ನ ಅರಮನೆಯ ಕಡೆಗೆ ಮುಖಮಾಡಿ ನಿಲ್ಲುವಂತೆ ಹೊಸದಾಗಿ ಕಟ್ಟಿಸಿದನು. ಆಗ ಅದರ ಹೆಸರು ವೋಲ್ಡೆನ್‌ಹೋರ್ನ್. ಅರಮನೆಯ ಹೆಸರೇ ಊರಿಗೂ ಬಂದುದು 1867ರಲ್ಲಿ. ಆ ಊರಿನ ಒಕ್ಕಲುಗಳು ಜೀತದಾಳುಗಳಾಗಿದ್ದರು. ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ, ಮದುವೆಯನ್ನೂ ಮಾಡಿಕೊಳ್ಳುವಂತಿಲ್ಲ. ಹೋಲ್‌ಸ್ಟೈನಿನಲ್ಲಿ ಈ ಪದ್ಧತಿಯು ರದ್ದಾದುದು 1805ರಲ್ಲಿ.

ಇಷ್ಟೆಲ್ಲ ವೈಭವಕ್ಕೆ ಬೇಕಾದ ಹಣದಲ್ಲಿ ಒಂದು ದೊಡ್ಡ ಪಾಲು ಬಂದುದು ಮಾತ್ರ ಈ ಯಾವ ಜಹಗೀರಿನಿಂದಲೂ ಅಲ್ಲ. ಅಟ್ಲಾಂಟಿಕ್ ಸಮುದ್ರದ ಆಚೆಯ ಮೂರು ಸಣ್ಣ ದ್ವೀಪಗಳಿಂದ. ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯಿ ಎಂಬ ವೆಸ್ಟ್ ಇಂಡೀಸಿನ ದ್ವೀಪಗಳು ಆಗ ಡೇನರ ವಶದಲ್ಲಿದ್ದವು. ಅಲ್ಲಿ ದೊರೆಗೆ ಸೇರಿದ ಕಬ್ಬಿನ ತೋಟಗಳನ್ನೂ, ಕೋಪನ್‌ಹೇಗನ್ನಿನಲ್ಲಿದ್ದ ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆಯನ್ನೂ 1763ರಲ್ಲಿ ಶಿಮ್ಮೆಲ್‌ಮನ್ನನು ಕ್ರಯಕ್ಕೆ ಪಡೆದನು. ಸೇಂಟ್ ಕ್ರೋಯಿಯ ಲಾ ಗ್ರಾಂಜ್, ಪ್ರಿನ್ಸೆಸ್ ಎಂಬ ತೋಟಗಳು ಇವುಗಳಲ್ಲಿ ಮುಖ್ಯವಾದವು. ತೋಟದೊಂದಿಗೆ ಅಲ್ಲಿನ ಜನರೂ ಕ್ರಯಪತ್ರದೊಳಗೆ ಸೇರಿ ಬಂದರು.

ನಮ್ಮ ನಾಡಿನಲ್ಲಿ ಆಲೆಮನೆಯನ್ನು ಕಂಡವರಿಗೆ ಗಾಣಕ್ಕೆ ಕಬ್ಬು ಕೊಡುವುದು, ಕೊಪ್ಪರಿಗೆಯ ಮುಂದೆ ನಿದ್ದೆಗೆಟ್ಟು ಪಾಕ ಕಾಯುವುದು ಎಂಥ ಶ್ರಮವೆಂಬುದು ತಿಳಿದೇ ಇದೆ. ಅಲ್ಲಿ ಆ ಶ್ರಮಕ್ಕೆ ಕೂಲಿಯಿಲ್ಲ, ಹಬ್ಬದ ಸಡಗರವಿಲ್ಲ, ಚಾವಟಿ ಮಾತ್ರ ಇದ್ದಿತು. ಹುಟ್ಟುವವರಿಗಿಂತ ಸಾಯುವವರ ಸಂಖ್ಯೆಯೇ ಹೆಚ್ಚಾಗಿದ್ದುದರಿಂದ ಆಫ್ರಿಕೆಯಿಂದ ಹೊಸ ಆಳುಗಳನ್ನು ಹಡಗಿನಲ್ಲಿ ತಂದು ತುಂಬಬೇಕಾಗುತ್ತಿದ್ದಿತು. ಗಿನಿ ತೀರದಲ್ಲಿ ಡೇನರಿಗೆ ಕೋಟೆಗಳಿದ್ದವು. ಆ ವ್ಯಾಪಾರವು ನಡೆದ ಅವಧಿಯೆಲ್ಲ ಸೇರಿ ಡೇನರ ಹಡಗುಗಳು ಸುಮಾರು ಒಂದು ಲಕ್ಷ ಜನರನ್ನು ಹೀಗೆ ಸಾಗಿಸಿದುವು.

ಶಿಮ್ಮೆಲ್‌ಮನ್ನನ ಚಾತುರ್ಯವು ಈ ವ್ಯಾಪಾರದ ಎಲ್ಲ ಕೊಂಡಿಗಳನ್ನೂ ಒಂದೇ ಕೈಯಲ್ಲಿ ಹಿಡಿದುದರಲ್ಲಿದೆ. ಕೋಪನ್‌ಹೇಗನ್ನಿಗೆ ಉತ್ತರದಲ್ಲಿ ಹೆಲ್ಲೆಬೆಕ್ ಎಂಬಲ್ಲಿ ಅವನದೇ ಬಂದೂಕಿನ ಕಾರ್ಖಾನೆ. ಜಹಗೀರುಗಳ ಭಟ್ಟಿಯಲ್ಲಿ ಇಳಿಸಿದ ಸಾರಾಯಿ. ವಾಂಡ್ಸ್‌ಬೆಕ್ಕಿನಲ್ಲಿ ಅಚ್ಚು ಹಾಕಿದ ಚೀಟಿ ಬಟ್ಟೆ. ಈ ಮೂರೂ ಆಫ್ರಿಕೆಗೆ ಹೋಗಿ ಅಲ್ಲಿ ಆಳುಗಳಾಗಿ ಮಾರ್ಪಡುವುವು. ಆಳುಗಳು ದ್ವೀಪಗಳಲ್ಲಿ ಸಕ್ಕರೆಯಾಗುವರು. ಕಂದುಸಕ್ಕರೆಯು ಕೋಪನ್‌ಹೇಗನ್ನಿನ ಅವನದೇ ಕಾರ್ಖಾನೆಯಲ್ಲಿ ಬಿಳಿದಾಗುವುದು. ಈ ಚೀಟಿ ಬಟ್ಟೆಯ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆನು. ಹತ್ತಿಯ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ವಿದ್ಯೆಯನ್ನು ಯೂರೋಪಿನವರು ಕಲಿತುದು ನಮ್ಮ ದೇಶದ ಬಟ್ಟೆಗಳನ್ನು ನೋಡಿ. ಗಿನಿ ತೀರದ ಜನರಿಗೂ ಹಿಂದೂಸ್ಥಾನದ ಬಟ್ಟೆಯೆಂದರೆ ಬಲು ಮೆಚ್ಚು. ಚೋಳಮಂಡಲ ತೀರದ ತರಂಗಂಬಾಡಿಯು 1620ರಿಂದ 1845ರವರೆಗೆ ಡೇನರ ಠಾಣ್ಯವಾಗಿದ್ದು, ಅಲ್ಲಿಂದ ಹೋದ ಬಟ್ಟೆಗಳಲ್ಲಿ ಒಂದಷ್ಟು ಕೋಪನ್‌ಹೇಗನ್ನಿನ ಮಾರ್ಗವಾಗಿ ಆಫ್ರಿಕೆಯನ್ನು ಸೇರುತ್ತಿದ್ದಿತು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ತನ್ನ ನೂಲು ಯಾರ ಬೆಲೆಯಾಗಿ ಸಲ್ಲುವುದೆಂದು ತಿಳಿಯುವ ಬಗೆಯಾದರೂ ಹೇಗೆ?

1782ರಲ್ಲಿ ಹೈನ್ರಿಖ್ ಕಾರ್ಲನು ತೀರಿಕೊಂಡಾಗ ಅವನ ಒಡೆತನದಲ್ಲಿ ಸುಮಾರು ಸಾವಿರ ಗುಲಾಮರಿದ್ದರು. ಡೆನ್ಮಾರ್ಕ್ ರಾಜ್ಯದಲ್ಲಿಯೇ ಅವನಿಗೆ ಸಮನಾದ ಧನಿಕರು ವಿರಳ.

ಮಕ್ಕಳು ಬೇರೆ ಬಗೆಯವರು. ಹೆಣ್ಣುಮಕ್ಕಳಲ್ಲಿ ಯೂಲಿಯಾ ಎಂಬವಳು ಹೋಲ್‌ಸ್ಟೈನಿನ ಎಮ್ಕೆನ್‌ಡೋರ್ಫಿನ ಕೌಂಟ್ ರೆವೆಂಟ್ಲೋವ್ ಎಂಬಾತನನ್ನು ವರಿಸಿ, ಆ ಮನೆಯನ್ನು ಕವಿಗಳ ತಂಗುದಾಣವಾಗಿ ಮಾಡಿದಳು. ರೋಗಪೀಡಿತಳಾಗಿದ್ದರೂ ಒಕ್ಕಲುಮಕ್ಕಳ ವಿದ್ಯೆಗಾಗಿ ಶ್ರಮಿಸಿದಳು. ಅವರಿಗಾಗಿ ನೀತಿಯ ಕಥೆಗಳನ್ನೂ ಬರೆದಳು. ಹಿರಿಯ ಮಗನಾದ ಎರ್ನ್‌ಸ್ಟನು 1747ರಲ್ಲಿ ಹುಟ್ಟಿದವನು, ಮೃದುಹೃದಯಿ, ಸಾಹಿತ್ಯಪ್ರಿಯ. ಮೊದಲನೆಯ ಹೆಂಡತಿಯಾದ ಎಮಿಲಿಯು 1780ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಳ್ಳಲು, ಕೋಪನ್‌ಹೇಗನ್ನಿನ ಹೊರಗೆ ಕಡಲ ತಡಿಯ ಒಂದು ಊಟೆಯ ಬಳಿ ಅವಳ ನೆನಪಿಗಾಗಿ ಶಿಲಾಸ್ಮಾರಕವನ್ನು ನಿಲ್ಲಿಸಿದನು. ಎಮಿಲಿಯ ಚಿಲುಮೆಯೆಂದು ಅದಕ್ಕೆ ಹೆಸರು. 1784ರಲ್ಲಿ ಅವನು ತಂದೆಯಂತೆಯೇ ಹಣಕಾಸಿನ ಮಂತ್ರಿಯಾದನು. ಡೆನ್ಮಾರ್ಕಿನ ರೈತರನ್ನು ಹುಟ್ಟಿದ ಜಹಗೀರಿಗೆ ಕಟ್ಟಿಹಾಕಿದ್ದ ಕಾಯಿದೆಯನ್ನು 1788ರಲ್ಲಿ ರದ್ದುಗೊಳಿಸಿದ ಸುಧಾರಕರ ಪಕ್ಷದಲ್ಲಿ ಅವನೂ ಇದ್ದನು.

1791ನೆಯ ವರ್ಷವು ಈ ಮನುಷ್ಯನ ಬಾಳನ್ನು ಹೊಕ್ಕು ನೋಡುವುದಕ್ಕೆ ಒಂದು ಕಿಟಕಿಯಂತಿದೆ. ಆ ಬೇಸಗೆಯಲ್ಲಿ ಎರ್ನ್‌ಸ್ಟನೂ ಅವನ ಎರಡನೆಯ ಹೆಂಡತಿ ಷಾರ್ಲೊಟ್ಟಳೂ ಡೇನಿಷ್ ಕವಿ ಬಾಗ್ಗೆಸೆನ್ನನೊಡನೆ ಹೆಲ್ಲೆಬೆಕ್ಕಿನಲ್ಲಿ ಕೂಡಿದರು. ಜರ್ಮನ್ ಮಹಾಕವಿ ಶಿಲ್ಲರನ ಗೌರವಕ್ಕಾಗಿ ಒಂದು ಉತ್ಸವವನ್ನು ನಡೆಸುವುದು ಅವರ ಉದ್ದೇಶ. ಅಷ್ಟರಲ್ಲಿ ಕವಿಯು ಸತ್ತನೆಂಬ ಸುದ್ದಿಯು ಬಂದಿತು. ಉತ್ಸವವು ಶೋಕಸಭೆಯಾಗಿ, ಮನುಷ್ಯರೆಲ್ಲರ ಸೋದರತ್ವವನ್ನು ಸಾರುವ ಅವನ ಆನಂದಗೀತೆಯನ್ನು ಕಣ್ಣೀರಿಡುತ್ತ ಹಾಡಿದರು. ಸುದ್ದಿಯು ಸುಳ್ಳಾಗಿದ್ದಿತು, ಶಿಲ್ಲರನು ಕಾಯಿಲೆಯಿಂದ ನರಳುತ್ತಿದ್ದನೇ ಹೊರತು ಸತ್ತಿರಲಿಲ್ಲ. ಇದು ತಿಳಿದೊಡನೆ ಎರ್ನ್‌ಸ್ಟನೂ ಆಗಸ್ಟೆನ್‌ಬುರ್ಗಿನ ರಾಜಕುಮಾರನೂ ಸೇರಿ, ವರ್ಷಕ್ಕೆ ಸಾವಿರ ಟಾಲರ್ ನಾಣ್ಯಗಳಂತೆ ಮೂರು ವರ್ಷಗಳ ವೇತನವನ್ನು ಕವಿಗೆ ಕಳುಹಿಸಿಕೊಟ್ಟರು. ಸೌಂದರ್ಯದ ಮೂಲಕ ಮನುಷ್ಯನಿಗೆ ದೊರೆಯುವ ಶಿಕ್ಷಣವನ್ನು ಕುರಿತು ಶಿಲ್ಲರನು ಬರೆದ ಪ್ರಸಿದ್ಧ ಪತ್ರಗಳು ಈ ಔದಾರ್ಯದ ಫಲ. ಆದರೆ ಹೆಲ್ಲೆಬೆಕ್ ಎಂಬ ಹೆಸರನ್ನು ಓದುಗರು ಮರೆತಿರಲಾರರು. ಗಿನಿ ತೀರಕ್ಕೆ ಹೋಗುವ ಬಂದೂಕುಗಳು ತಯಾರಾಗುತ್ತಿದ್ದುದು ಅಲ್ಲಿಯೇ. ಕವಿಗೆ ಹೋದ ಹಣದಲ್ಲಿ ಕಬ್ಬಿನ ತೋಟದ ಹಣವೆಷ್ಟು, ಬೇರೆಯ ಹಣವೆಷ್ಟು ಎಂದು ಬಿಡಿಸಿ ನೋಡುವಂತಿಲ್ಲ.

ಅದೇ ವರ್ಷ ಗುಲಾಮರ ವ್ಯಾಪಾರವನ್ನು ಪರಿಶೀಲಿಸಲು ಒಂದು ಮಂಡಲಿಯು ಎರ್ನ್‌ಸ್ಟನ ಪ್ರೇರಣೆಯಿಂದ ಏರ್ಪಟ್ಟಿತು. ಅದರ ಶಿಫಾರಸಿನಂತೆ 1792ನೆಯ ಮಾರ್ಚ್ 16ರಂದು ರಾಜಾಜ್ಞೆಯು ಹೊರಟಿತು: 1803ನೆಯ ವರ್ಷದ ಮೊದಲ ದಿನದಿಂದ ಡೆನ್ಮಾರ್ಕಿನ ಪ್ರಜೆಗಳು ಆಫ್ರಿಕೆಯಿಂದ ಗುಲಾಮರನ್ನು ಸಾಗಿಸಕೂಡದು. ಯೂರೋಪಿನ ರಾಜ್ಯಗಳಲ್ಲಿ ಇಂಥ ಕಾನೂನನ್ನು ಮೊದಲು ಮಾಡಿದ ಕೀರ್ತಿಯು ಇದರಿಂದ ಡೇನರಿಗೆ ಸಂದಿತು. ದೊಡ್ಡ ಗುಲಾಮದೊರೆಯ ಮಗನೇ ಇದನ್ನು ಮಾಡಿದನೆಂದು ಎರ್ನ್‌ಸ್ಟನನ್ನು ಹೊಗಳಿದವರು ಬಹಳ ಮಂದಿ. ಹೊಗಳಿಕೆಯು ಪೂರ್ತಿ ಸುಳ್ಳಲ್ಲ. ಆದರೆ ಆಜ್ಞೆಗೂ ಅದರ ಜಾರಿಗೂ ನಡುವೆ ಹತ್ತು ವರ್ಷಗಳಿಗೂ ಮಿಕ್ಕ ಅಂತರವೇತಕ್ಕೆ? ಅಷ್ಟರೊಳಗಾಗಿ ತೋಟದವರು ಬೇಕಾದಷ್ಟು ಆಳುಗಳನ್ನು ತುಂಬಿಕೊಳ್ಳಲೆಂದು. ಅದಕ್ಕಾಗಿ ಸರ್ಕಾರದಿಂದಲೇ ಸಾಲವು ದೊರೆಯುವಂತಾಯಿತು. ಹೆಂಗಸರನ್ನು ಹೆಚ್ಚಾಗಿ ತರಲೆಂದು ಅವರ ಮೇಲಿನ ಸುಂಕವನ್ನು ತೆಗೆದರು. ಹೆಂಗಸರಿದ್ದರೆ ಮಕ್ಕಳು ಹುಟ್ಟುವರು, ಮುಂದೆ ಹೊರಗಿನಿಂದ ಕೊಳ್ಳುವ ಖರ್ಚಿರದು ಎಂಬುದು ಮಂಡಲಿಯ ಲೆಕ್ಕಾಚಾರವಾಗಿದ್ದಿತು. ಎರ್ನ್‌ಸ್ಟನಿಗೆ ಕರುಣೆಯಿದ್ದುದು ನಿಜ. ಆ ಕರುಣೆಯು ಆದಾಯದ ಪುಸ್ತಕದ ಅಂಚನ್ನು ದಾಟಿ ಹೋಗಲಿಲ್ಲವೆಂಬುದೂ ಅಷ್ಟೇ ನಿಜ. ವ್ಯಾಪಾರವನ್ನು ನಿಲ್ಲಿಸಿದ ಆ ಕಾನೂನು ಗುಲಾಮಗಿರಿಯನ್ನು ಮುಟ್ಟಲಿಲ್ಲ. ಅವನ ತೋಟಗಳ ಜನರು ಮೊದಲಿನಂತೆಯೇ ಕಬ್ಬು ಕಡಿಯುತ್ತಿದ್ದರು.

ನೆಪೋಲಿಯನ್ನನ ಯುದ್ಧಗಳಲ್ಲಿ ಡೆನ್ಮಾರ್ಕ್ ಸಿಕ್ಕಿಬಿದ್ದು, 1813ರಲ್ಲಿ ರಾಜ್ಯವೇ ದಿವಾಳಿಯೆತ್ತಿತು. ಎರ್ನ್‌ಸ್ಟನು ಹಣಕಾಸಿನ ಅಧಿಕಾರವನ್ನು ಬಿಟ್ಟುಕೊಟ್ಟನು, 1831ರಲ್ಲಿ ಕಾಲವಾದನು.

ದ್ವೀಪಗಳ ಕಥೆಯು ಮುಗಿದ ಬಗೆ ಬೇರೆ. 1848ನೆಯ ಜುಲೈ 2ರ ರಾತ್ರಿ ಸೇಂಟ್ ಕ್ರೋಯಿಯಲ್ಲಿ ಶಂಖಗಳು ಊದಿದುವು, ತೋಟದ ಗಂಟೆಗಳು ಬಾರಿಸಿದುವು. ಬೆಳಗಾಗುವುದರೊಳಗೆ ಸಾವಿರಾರು ಗುಲಾಮರು ಫ್ರೆಡರಿಕ್‌ಸ್ಟೆಡ್ ಪಟ್ಟಣದ ಕೋಟೆಯ ಮುಂದೆ ನೆರೆದು, ಬಿಡುಗಡೆ ಕೊಡಿರೆಂದು ಕೂಗಿದರು. ಅವರ ಮುಂದಾಳನ್ನು ಜನರು ಬೂಡೋ ಎಂದು ಕರೆಯುತ್ತಿದ್ದರು. ಒಂದು ಕಾಲದಲ್ಲಿ ಶಿಮ್ಮೆಲ್‌ಮನ್ನರದಾಗಿದ್ದ ಲಾ ಗ್ರಾಂಜ್ ತೋಟದ ಆಳು ಅವನು. ಗವರ್ನರ್ ಫಾನ್ ಶೋಲ್ಟೆನ್ನನು ಕೋಪನ್‌ಹೇಗನ್ನಿನ ಅಪ್ಪಣೆಗೆ ಕಾಯದೆ, ಜುಲೈ 3ರಂದು ಅಲ್ಲಿಯೇ ಎಲ್ಲರಿಗೂ ಸ್ವಾತಂತ್ರ್ಯವನ್ನು ಸಾರಿದನು. 1917ರಲ್ಲಿ ಡೆನ್ಮಾರ್ಕ್ ಸರ್ಕಾರವು ಆ ಮೂರು ದ್ವೀಪಗಳನ್ನು ಎರಡೂವರೆ ಕೋಟಿ ಡಾಲರುಗಳಿಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಮಾರಿತು.

1864ರ ಯುದ್ಧದಲ್ಲಿ ಹೋಲ್‌ಸ್ಟೈನ್ ಡೇನರ ಕೈತಪ್ಪಿತು. ಕೆಲವು ವರ್ಷಗಳಲ್ಲಿ ಅದು ಪ್ರಷ್ಯಕ್ಕೆ ಸೇರಿತು. ಮನೆತನದ ಒಂದು ಕೈ ಲಿಂಡೆನ್‌ಬೋರ್ಗಿನಲ್ಲಿ, ಮತ್ತೊಂದು ಆರೆನ್ಸ್‌ಬುರ್ಗಿನಲ್ಲಿ. ಎರಡಕ್ಕೂ ನಡುವೆ ಗಡಿ. ಆರೆನ್ಸ್‌ಬುರ್ಗಿನಲ್ಲಿ 1854ರಲ್ಲಿ ಹುಟ್ಟಿದ ಆಡೆಲೀನ್ ಎಂಬಾಕೆಯನ್ನು ಇಲ್ಲಿ ನೆನೆಯದಿರುವುದು ನ್ಯಾಯವಲ್ಲ. ಜರ್ಮನ್ ಸಾಮ್ರಾಜ್ಞಿಯ ಸಖಿಯಾಗಿದ್ದ ಆಕೆಯು ಅರಮನೆಯ ವಾಸವನ್ನು ಬಿಟ್ಟು, ಬಾಲ್ಟಿಕ್ ತೀರದ ಬೆಸ್ತರಿಗಾಗಿ ಆಶ್ರಯಮಂದಿರವನ್ನು ತೆರೆದು ತನ್ನ ಹಣವನ್ನು ಅವರಿಗಾಗಿ ವೆಚ್ಚಮಾಡತೊಡಗಿದಳು. 1894ರಲ್ಲಿ ಆಕೆಗೆ ಬುದ್ಧಿಭ್ರಮಣೆಯೆಂದು ಹೇಳಿ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಆಕೆಯು ಬಿಡುಗಡೆ ಹೊಂದಿ ಹೊರಬಂದು ಮತ್ತೆ ಅದೇ ಕೆಲಸಕ್ಕೆ ಇಳಿದಳು. ಸಾವಿರ ಜನರನ್ನು ಕೊಂಡಿಟ್ಟುಕೊಂಡಿದ್ದ ಮೂಲಪುರುಷನನ್ನು ಮಾತ್ರ ಯಾವ ವೈದ್ಯನೂ ಪರೀಕ್ಷಿಸಿರಲಿಲ್ಲ.

ಆರೆನ್ಸ್‌ಬುರ್ಗಿನ ಅರಮನೆಯನ್ನು 1930ರ ದಶಕದಲ್ಲಿ ಮನೆತನದವರು ಬಿಟ್ಟುಕೊಟ್ಟರು. 1938ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಕೋಪನ್‌ಹೇಗನ್ನಿನ ಮಂದಿರವು 1900ರಲ್ಲಿ ಆಡ್ ಫೆಲೋ ಎಂಬ ಸಂಘದ ಕೈಸೇರಿತು. 1992ರಲ್ಲಿ ಬೆಂಕಿಗೆ ತುತ್ತಾಗಿ ಮರಳಿ ಕಟ್ಟಲ್ಪಟ್ಟಿತು. ಹೈನ್ರಿಖ್ ಕಾರ್ಲನು ವಾಂಡ್ಸ್‌ಬೆಕ್ಕಿನಲ್ಲಿ ಕಟ್ಟಿಸಿದ ಅರಮನೆಯು 1861ರಲ್ಲಿಯೇ ನೆಲಸಮವಾಯಿತು. ಆ ಊರು ಈಗ ಹ್ಯಾಂಬರ್ಗಿನ ಒಂದು ಭಾಗ. ಅಲ್ಲಿ 2006ರಲ್ಲಿ ಅವನ ಒಂದು ಎದೆಮಟ್ಟದ ಪ್ರತಿಮೆಯನ್ನು ನಿಲ್ಲಿಸಿದರು. ಗುಲಾಮರ ವ್ಯಾಪಾರಿಗೆ ಈ ಗೌರವವೇಕೆಂದು ಜನರು ಪ್ರತಿಭಟಿಸಿದರು, ಬಣ್ಣವನ್ನೂ ಎರಚಿದರು. 2008ರಲ್ಲಿ ಪ್ರತಿಮೆಯನ್ನು ಅಲ್ಲಿಂದ ತೆಗೆಯಲಾಯಿತು. ಊರ ನಡುವೆ ಇಗರ್ಜಿಯ ಪಕ್ಕದಲ್ಲಿ ಅವನಿಗೂ ಅವನ ಹೆಂಡತಿಗೂ ಕಟ್ಟಿಸಿದ ಸಮಾಧಿಮಂದಿರವು ಮಾತ್ರ ಹಾಗೆಯೇ ಉಳಿದಿದೆ.