ಹೊಸ ಪಿಕಪ್‌ನ ಸ್ಟೀರಿಂಗ್‌ನಲ್ಲಿ ಸದ್ದು ಬರುತ್ತಿದೆಯೇ?

ಹಸು ಮೇವು ಬಿಟ್ಟಾಗ ಪಶುವೈದ್ಯರು ಬಂದು ಮೊದಲು ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಯಾವಾಗಿನಿಂದ ತಿನ್ನುತ್ತಿಲ್ಲ? ಮೆಲುಕು ಹಾಕುತ್ತಿದೆಯೇ? ಸಗಣಿ ಹೇಗಿದೆ? ಕರು ಹಾಕಿ ಎಷ್ಟು ದಿನವಾಯಿತು? ನೀವು ಸರಿಯಾಗಿ ಹೇಳಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ವಾಹನದ ವಿಷಯವೂ ಹೀಗೆಯೇ.

ಹಾಲಿನ ಕ್ಯಾನು, ಮೇವು, ಪಶು ಆಹಾರದ ಚೀಲ ಸಾಗಿಸಲು ಸಾಲ ಮಾಡಿ ಪಿಕಪ್ ಕೊಂಡ ಸದಸ್ಯೆಯರು ನಮ್ಮಲ್ಲಿದ್ದಾರೆ. ಗಾಡಿ ಓಡಿಸುವವರು ಮಗನೋ, ಯಜಮಾನರೋ, ಡ್ರೈವರೋ ಇರಬಹುದು. ಆದರೆ ಆರ್‌ಸಿ ನಿಮ್ಮ ಹೆಸರಲ್ಲಿದೆ, ಕಂತು ಕಟ್ಟುವವರೂ ನೀವೇ. ಆದ್ದರಿಂದ ಗಾಡಿಯ ಸದ್ದು ನಿಮಗೂ ಅರ್ಥವಾಗಬೇಕು.

ಇಂಥ ಒಬ್ಬ ಸದಸ್ಯೆಯ ಹೊಸ ಪಿಕಪ್‌ನಲ್ಲಿ ತಿರುವಿನಲ್ಲಿ 'ಟಕ್' ಎಂಬ ಸದ್ದು ಶುರುವಾಯಿತು. ಸರ್ವೀಸ್ ಸೆಂಟರಿಗೆ ಒಯ್ದರೆ, "ಹೊಸ ಗಾಡಿ ಅಮ್ಮ, ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದು ಕಳಿಸಿದರು. ಖಾಲಿ ಗಾಡಿಯಲ್ಲಿ, ನುಣ್ಣನೆಯ ರಸ್ತೆಯಲ್ಲಿ ಅವರಿಗೆ ಸದ್ದೇ ಕೇಳಿರಲಿಲ್ಲ. ಮುಂದೆ ಆಕೆ ಏನು ಮಾಡಿದರು ಎಂಬುದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಗಾಡಿ ಖಾಲಿ ಮಾಡಿ

ಸ್ಟೀರಿಂಗ್‌ನದು ಎಂದುಕೊಂಡ ಸದ್ದು ಎಷ್ಟೋ ಸಲ ಬೇರೆ ಕಡೆಯದಾಗಿರುತ್ತದೆ. ಕ್ಯಾನಿನ ಮುಚ್ಚಳ, ಹಿಂಬಾಗಿಲಿನ ಸರಪಳಿ, ಸೀಟಿನ ಕೆಳಗಿನ ಜಾಕ್, ಸ್ಟೆಪ್ನಿ ಟೈರ್ ಇವೆಲ್ಲ ತಿರುವಿನಲ್ಲಿ ಸದ್ದು ಮಾಡುತ್ತವೆ. ಎಲ್ಲವನ್ನೂ ಇಳಿಸಿ, ಅಲುಗಾಡುವುದನ್ನು ಬಿಗಿ ಮಾಡಿ, ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಿ. ಸದ್ದು ನಿಂತರೆ ಸಮಸ್ಯೆ ಮುಗಿಯಿತು. ಲೋಡು ಹಾಕಿದಾಗ ಹಿಂದಿನಿಂದ 'ಕಿರ್ ಕಿರ್' ಎಂದರೆ ಅದು ಹಿಂಬದಿಯ ಬ್ಲೇಡ್ ಸ್ಪ್ರಿಂಗ್‌ನದಿರಬಹುದು.

ನಾಲ್ಕು ಪ್ರಶ್ನೆ ಬರೆದಿಟ್ಟುಕೊಳ್ಳಿ

1. ಯಾವಾಗ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬರುತ್ತದೆಯೇ, ಎಂಜಿನ್ ಬಿಸಿಯಾದ ಮೇಲೆಯೇ?
2. ಎಲ್ಲಿ? ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗಲೂ ಬರುತ್ತದೆಯೇ, ಗುಂಡಿ ಹಾರಿದಾಗ ಮಾತ್ರವೇ?
3. ಯಾವ ಕಡೆ? ಎಡಕ್ಕೆ, ಬಲಕ್ಕೆ, ಎರಡೂ ಕಡೆಗೆ?
4. ಲೋಡಿನಲ್ಲಿಯೇ, ಖಾಲಿಯಲ್ಲಿಯೂ ಇದೆಯೇ?

ಜೊತೆಗೆ ತಾರೀಕು ಮತ್ತು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಬರೆಯಿರಿ. ಫೋನಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸದ್ದು ಏನು ಹೇಳುತ್ತದೆ?

'ಗುಂಯ್' ಎಂಬ ಎಳೆದ ಸದ್ದು: ಪವರ್ ಸ್ಟೀರಿಂಗ್‌ನಲ್ಲಿ ಎರಡು ಬಗೆ. ಒಂದು ಆಯಿಲ್ ಮತ್ತು ಪಂಪಿನಿಂದ ಕೆಲಸ ಮಾಡುವುದು, ಇನ್ನೊಂದು ವಿದ್ಯುತ್ ಮೋಟಾರಿನದು. ಆಯಿಲ್ ಇರುವ ಗಾಡಿಯಲ್ಲಿ ತಿರುಗಿಸುವಾಗ 'ಗುಂಯ್' ಎಂದರೆ ಆಯಿಲ್ ಕಡಿಮೆಯಾಗಿರಬಹುದು ಅಥವಾ ಪೈಪಿನಲ್ಲಿ ಗಾಳಿ ಸೇರಿರಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಆಯಿಲ್ ಡಬ್ಬಿಯ ಮೇಲಿನ ಗುರುತು ನೋಡಿ. ಕಡಿಮೆಯಿದ್ದರೆ ಕೈಗೆ ಸಿಕ್ಕ ಆಯಿಲ್ ಸುರಿಯಬೇಡಿ. ಹೊಸ ಗಾಡಿಯಲ್ಲಿ ಆಯಿಲ್ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ. ಅದನ್ನು ಸರ್ವೀಸ್ ಸೆಂಟರಿನವರೇ ಹುಡುಕಬೇಕು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಬರುವ 'ಗುಂಯ್' ಅಥವಾ 'ಸುಯ್' ಸದ್ದು ಮಾತ್ರ ಸಹಜ. ಆದರೂ ಹಾಗೆ ಹೆಚ್ಚು ಹೊತ್ತು ಹಿಡಿಯಬಾರದು, ಪಂಪು ಬಿಸಿಯಾಗುತ್ತದೆ.

'ಕೀಚ್' ಎಂಬ ಕಿರುಚು: ಪಂಪು ತಿರುಗಿಸುವ ಬೆಲ್ಟ್ ಸಡಿಲವಾಗಿರಬಹುದು ಅಥವಾ ನೆನೆದಿರಬಹುದು.

'ಟಕ್ ಟಕ್' ಎಂಬ ಬಡಿತ: ಗುಂಡಿಯಲ್ಲಿ ಅಥವಾ ತಿರುವಿನಲ್ಲಿ ಬಂದು ಕೈಗೂ ತಾಗಿದರೆ ಟೈ ರಾಡ್, ಬಾಲ್ ಜಾಯಿಂಟ್, ಸ್ಟೀರಿಂಗ್ ಬಾಕ್ಸಿನ ಬೋಲ್ಟ್ ಇವುಗಳಲ್ಲಿ ಒಂದು ಸಡಿಲವಾಗಿದೆ ಎಂದು ಅನುಮಾನಿಸಬೇಕು. ಈ ಸದ್ದನ್ನು ಒಂದು ದಿನವೂ ಕಡೆಗಣಿಸಬೇಡಿ.

'ಸರ ಸರ' ಎಂಬ ಉಜ್ಜುವಿಕೆ: ಸ್ಟೀರಿಂಗ್ ಚಕ್ರದ ಬುಡದಲ್ಲೇ ಕೇಳಿದರೆ ಪ್ಲಾಸ್ಟಿಕ್ ಕವರ್ ಉಜ್ಜುತ್ತಿರಬಹುದು. ಪೂರ್ತಿ ತಿರುಗಿಸಿದಾಗ ಕೆಳಗಿನಿಂದ ಬಂದರೆ ಟೈರು ಮಡ್‌ಗಾರ್ಡಿಗೆ ತಾಗುತ್ತಿರಬಹುದು. ಗಾಡಿಯ ವೇಗದ ಜೊತೆ ಸದ್ದೂ ಏರಿದರೆ ಚಕ್ರದ ಬೇರಿಂಗ್ ನೋಡಿಸಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ. ಎಂಜಿನ್ ಆಫ್ ಇರುವುದರಿಂದ ಅದು ಭಾರವಾಗಿರುತ್ತದೆ, ಪೂರ್ತಿ ತಿರುಗಿಸುವುದು ಬೇಡ. ಇನ್ನೊಬ್ಬರು ಮುಂದಿನ ಚಕ್ರದ ಪಕ್ಕ ನಿಂತು ಕೇಳಲಿ. ಎಂಜಿನ್ ಆಫ್ ಇದ್ದಾಗಲೂ 'ಟಕ್' ಎಂದರೆ ಪಂಪು, ಬೆಲ್ಟಿನ ದೋಷವಲ್ಲ. ಜೋಡಣೆಯಲ್ಲೇ ಏನೋ ಅಲುಗುತ್ತಿದೆ. ಎಂಜಿನ್ ಓಡುವಾಗ ಮಾತ್ರ ಸದ್ದಿದ್ದರೆ ಆಯಿಲ್, ಪಂಪು, ಬೆಲ್ಟಿನ ಕಡೆ ನೋಡಬೇಕು.

ಗಾಡಿಯ ಕೆಳಗೆ ನುಗ್ಗಬೇಡಿ. ಜಾಕ್ ಏರಿಸಿ ಕೈ ಹಾಕಬೇಡಿ. ಓಡುವ ಬೆಲ್ಟಿನ ಹತ್ತಿರ ಸೆರಗು, ವೇಲ್, ಜಡೆ ಹೋಗದಂತೆ ಎಚ್ಚರವಹಿಸಿ.

ಇವು ಕಂಡರೆ ಗಾಡಿ ನಿಲ್ಲಿಸಿ

ಸ್ಟೀರಿಂಗ್ ಇದ್ದಕ್ಕಿದ್ದಂತೆ ಬಿಗಿಯಾದರೆ, ಮೊದಲಿಗಿಂತ ಹೆಚ್ಚು ಸಡಿಲವಾಗಿ ಆಡಿದರೆ, ಗಾಡಿ ಒಂದೇ ಕಡೆಗೆ ಎಳೆದರೆ, ತಿರುಗಿಸಿದ ಮೇಲೆ ತಾನಾಗಿ ನೇರಕ್ಕೆ ಬರದಿದ್ದರೆ, ಕೆಳಗೆ ಆಯಿಲ್ ತೊಟ್ಟಿಕ್ಕಿದರೆ, ಸ್ಟೀರಿಂಗ್‌ನ ಎಚ್ಚರಿಕೆ ದೀಪ ಹತ್ತಿದರೆ ಗಾಡಿ ಓಡಿಸಬೇಡಿ. ಹಾಲು ಕೆಡುತ್ತದೆ ಎಂಬ ಆತಂಕ ನಿಮಗಿರುತ್ತದೆ. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಆ ಹೊತ್ತಿಗೆ ಬೇರೆ ಗಾಡಿಯಲ್ಲಿ ಕ್ಯಾನು ಬಿಎಂಸಿಗೆ ಕಳಿಸಿ. ಒಂದು ಹೊತ್ತಿನ ಬಾಡಿಗೆ ಹೋದರೆ ಹೋಗಲಿ, ಜೀವಕ್ಕಿಂತ ದೊಡ್ಡದಲ್ಲ.

ಸರ್ವೀಸ್ ಸೆಂಟರಿನಲ್ಲಿ

ಬಾಯಿಮಾತಿಗೆ ಬೆಲೆ ಕಡಿಮೆ. ನಿಮ್ಮ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಓದಿ ನೋಡಿ ಸಹಿ ಹಾಕಿ, ಪ್ರತಿ ತೆಗೆದುಕೊಳ್ಳಿ. ಸದ್ದು ಬರುವಂಥ ರಸ್ತೆಯಲ್ಲಿ, ಅಷ್ಟೇ ಲೋಡಿನಲ್ಲಿ ಮೆಕ್ಯಾನಿಕ್ ನಿಮ್ಮವರ ಜೊತೆ ಕುಳಿತು ಬರಲಿ ಎಂದು ಕೇಳಿ. ದೋಷ ಕಾಣಲಿಲ್ಲ ಎಂದರೆ ಅದನ್ನೇ ತಾರೀಕು, ಕಿಲೋಮೀಟರ್ ಸಹಿತ ಬರೆಸಿಕೊಳ್ಳಿ. ವಾರಂಟಿ ಮುಗಿದ ಮೇಲೆ ಅದೇ ಸದ್ದು ಜೋರಾದರೆ, ದೋಷ ಮೊದಲೇ ಇತ್ತು ಎನ್ನಲು ಆ ಕಾಗದವೇ ಸಾಕ್ಷಿ.

ಉಚಿತ ಸರ್ವೀಸನ್ನು ಹೇಳಿದ ಅವಧಿಯಲ್ಲೇ ಮಾಡಿಸಿ. ದೊಡ್ಡ ಟೈರ್ ಹಾಕಿಸುವುದು, ಹೆಚ್ಚುವರಿ ಬ್ಲೇಡ್ ಸೇರಿಸುವುದು, ಮಿತಿ ಮೀರಿ ಲೋಡು ತುಂಬುವುದು ಇವುಗಳಿಂದ ವಾರಂಟಿ ಕೈತಪ್ಪಬಹುದು.

ಪದೇ ಪದೇ ಹೋದರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. "ಇದು ಬಾಡಿಗೆ ಗಾಡಿ, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಹೇಳಿದರೆ ಅಂಜಬೇಡಿ. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡು ಬಳಸುವ ವಸ್ತುವಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷಗಳ ಕಾಲಮಿತಿ ಇದೆ.

ಆ ಸದಸ್ಯೆ ಮಾಡಿದ್ದು ಇಷ್ಟೇ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ವಾರ ಬರೆದಿಟ್ಟರು: ಲೋಡಿದ್ದಾಗ, ಬಲಕ್ಕೆ ತಿರುಗಿದಾಗ, ಎಂಜಿನ್ ಆಫ್ ಇದ್ದಾಗಲೂ ಸದ್ದು. ಆ ಹಾಳೆ ಹಿಡಿದು ಮತ್ತೆ ಹೋಗಿ, ಕ್ಯಾನುಗಳಿಗೆ ನೀರು ತುಂಬಿಸಿ ಲೋಡು ಮಾಡಿ, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣ್ಣಿನ ರಸ್ತೆಯಲ್ಲಿ ಓಡಿಸಿ ತೋರಿಸಿದರು. ಗಾಡಿ ಎತ್ತಿ ನೋಡಿದಾಗ ಸ್ಟೀರಿಂಗ್ ಬಾಕ್ಸ್ ಹಿಡಿದಿರುವ ಬೋಲ್ಟ್ ಒಂದು ಸಡಿಲವಾಗಿತ್ತು. ಬಿಗಿ ಮಾಡಲು ಅರ್ಧ ಗಂಟೆ ಸಾಕಾಯಿತು, ಖರ್ಚೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಗಾಡಿಯಲ್ಲಿ ಕ್ಯಾನುಗಳು ಹೊತ್ತಿಗೆ ಸರಿಯಾಗಿ ಬಿಎಂಸಿ ತಲುಪಿದವು.